ಒಯ್ದ ಹಡಗು

ನಾನು ಸಮುದ್ರ ನೋಡಿದ್ದು ಅರವತ್ತೊಂದನೆಯ ವಯಸ್ಸಿನಲ್ಲಿ, ಅದೂ ಮುಂಬಯಿಯ ಕೆಸರು ದಂಡೆಯಲ್ಲಿ. ಆದರೆ ಒಂದು ಹಡಗಿನ ಜಾತಕ ನನಗೆ ನನ್ನ ಮಕ್ಕಳ ಜಾತಕಕ್ಕಿಂತ ಚೆನ್ನಾಗಿ ಗೊತ್ತು. ಲೇಡಿ ಹಾರ್ಟನ್ ಎಂಬ ಹೆಸರಿನಲ್ಲಿ ಅದು ಸಾವಿರದ ಎಂಟುನೂರ ಎಪ್ಪತ್ತೆರಡರಲ್ಲಿ ನೀರಿಗಿಳಿಯಿತು. ಎರಡು ಹಳದಿ ಚಿಮಣಿ, ಮೂರು ಕೂವೆಮರ. ಮೊದಲ ಒಂಬತ್ತು ವರ್ಷ ಲಂಡನ್ನಿನಿಂದ ಮದ್ರಾಸಿಗೆ ದೊರೆಗಳನ್ನೂ ದೊರೆಸಾನಿಯರನ್ನೂ ಹೊತ್ತು ತಂದಿತು. ಮೇಲಂತಸ್ತಿನಲ್ಲಿ ಪಿಯಾನೊ ಇತ್ತಂತೆ. ಬರ್ಫ ಇಡಲು ಬೇರೆ ಕೋಣೆ ಇತ್ತಂತೆ. ಇನ್ನೂ ದೊಡ್ಡ ಹಡಗುಗಳು ಬಂದವು. ಆಗ ಇದರ ಪಿಯಾನೊ ಇಳಿಸಿ, ತಳದ ಅಂತಸ್ತಿಗೆ ಹಲಗೆ ಬಡಿದು, ಕೂಲಿಗಳನ್ನು ತುಂಬಿ ನೆಟಾಲಿನ ಕಬ್ಬಿನ ತೋಟಗಳಿಗೆ ಕಳಿಸತೊಡಗಿದರು.

ನಾನೂ ಹೀಗೆಯೇ ಇಳಿದವನು. ಬಳ್ಳಾರಿಯ ಕಲೆಕ್ಟರ್ ಕಚೇರಿಯ ಒಳಗೆ ಹದಿನೆಂಟು ವರ್ಷ ಗುಮಾಸ್ತನಾಗಿದ್ದೆ. ಹತ್ತು ಜನರ ಮುಂದೆ ಶಿರಸ್ತೇದಾರನಿಗೆ ಅವನ ಇಂಗ್ಲಿಷು ತಪ್ಪು ಎಂದೆ. ತಪ್ಪೇ ಇತ್ತು. ಆಮೇಲೆ ಕಚೇರಿಯ ಎದುರಿನ ಹುಣಸೆಮರದ ಕೆಳಗೆ ಒಂದು ಗಿಡ್ಡ ಮೇಜು ಹಾಕಿಕೊಂಡು, ಮಧುಸೂದನರಾಯ, ಅರ್ಜಿ ಬರೆಯುವವರು, ಎಂದು ಕೂತೆ. ಇಷ್ಟು ಸಾಮ್ಯ ಇದ್ದರೂ ಆ ಹಡಗಿನ ಮೇಲೆ ನನಗೆ ಒಂದು ಚೂರೂ ಕನಿಕರವಿಲ್ಲ. ಅದರ ಹೆಸರು ಕೇಳಿದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಅದನ್ನು ನನ್ನ ಕೊರಳಿಗೆ ಕಟ್ಟಿದವಳು ಸಿರುಗುಪ್ಪದ ವಿರೂಪಮ್ಮ. ತೊಂಬತ್ತನಾಲ್ಕರ ಜೂನ್ ತಿಂಗಳು, ಒಂದು ಸೋಮವಾರ. ಹತ್ತಿ ಅಂಡಿಗೆಗಳನ್ನು ಬ್ರೂಸ್‌ಪೇಟೆಯಲ್ಲಿ ಇಳಿಸಿ, ಖಾಲಿ ಬಂಡಿಯನ್ನು ತಾನೇ ಹೊಡೆದುಕೊಂಡು ಬಂದು ನನ್ನ ಮೇಜಿನ ಮುಂದೆ ನಿಲ್ಲಿಸಿದಳು. ಹೆಂಗಸು ಬಂಡಿ ಹೊಡೆಯುವುದನ್ನು ನಾನು ಅದುವರೆಗೆ ನೋಡಿರಲಿಲ್ಲ. ನೊಗದ ಮೇಲೆ ಕಾಲಿಟ್ಟು ಇಳಿದು, ಸೆರಗಿನ ಗಂಟಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲೆ ಹಾಕಿದಳು.

"ಓದ್ರಿ. ಪೂರಾ ಓದ್ರಿ. ನಡುವ ಬಿಟ್ರ ನನಗ ಗೊತ್ತಾಗತೈತಿ," ಎಂದಳು.

"ಓದಲಿಕ್ಕೆ ಬರದವಳಿಗೆ ಹ್ಯಾಂಗ ಗೊತ್ತಾಗ್ತದ?"

"ಮಾರಿ ನೋಡಿದ್ರ ಗೊತ್ತಾಗತೈತಿ."

ಆ ಕ್ಷಣದಿಂದ ಅವಳನ್ನು ಕಂಡರೆ ನನಗಾಗಲಿಲ್ಲ. ಅವಳಿಗೂ ನನ್ನನ್ನು ಕಂಡರೆ ಆಗಲಿಲ್ಲ.

ಕಾಗದ ತೆಲುಗಿನಲ್ಲಿತ್ತು. ಅವಳ ಗಂಡ ಎರ್ರೆಪ್ಪ ನೆಟಾಲಿನಿಂದ ಯಾರಿಂದಲೋ ಬರೆಸಿದ್ದ. ಹತ್ತು ವರ್ಷದ ಹಿಂದೆ ದನಗಳಿಗೆ ದೊಡ್ಡರೋಗ ಬಂದು ಅವನ ಜೋಡೆತ್ತು ಒಂದೇ ವಾರದಲ್ಲಿ ಸತ್ತಿದ್ದವು. ಎತ್ತಿಲ್ಲದ ಬಂಡಿಯವನು ಏನು ಮಾಡಬೇಕು? ಕುರುಗೋಡಿನ ಸುಂಕಣ್ಣ, ಕೂಲಿ ಹಿಡಿದು ಮದ್ರಾಸಿಗೆ ಸಾಗಿಸುವವನು, ಹೊಸ ಜೋಡೆತ್ತಿನ ಆಸೆ ತೋರಿಸಿ ಇವನನ್ನು ಹಡಗು ಹತ್ತಿಸಿದ. ಹತ್ತು ವರ್ಷ ದುಡಿದರೆ ವಾಪಸಿನ ಹಡಗು ಸರ್ಕಾರದ್ದೆಂದು ಕರಾರು. ಆ ಹತ್ತು ವರ್ಷ ಮುಗಿದಿತ್ತು. ಕಾಗದದಲ್ಲಿ ಎರ್ರೆಪ್ಪ ಬರೆಸಿದ್ದು ಇಷ್ಟು: "ವಾಪಸು ಹೋಗೆಂದು ಒಂದು ಹಡಗು ತೋರಿಸಿದರು. ಅದು ನನ್ನನ್ನು ತಂದ ಹಡಗಲ್ಲ. ಹತ್ತಲಿಲ್ಲ. ಒಂದು ವರ್ಷದೊಳಗೆ ಹೋಗದಿದ್ದರೆ ಹಕ್ಕು ಹೋಯಿತು ಎನ್ನುತ್ತಾರೆ. ಲೇಡಿ ಹಾರ್ಟನ್ ಯಾವಾಗ ಬರುತ್ತದೆ, ಕೇಳಿ ತಿಳಿಸು."

ನಾನು ನಕ್ಕೆ. ಸುಳ್ಳು ಯಾಕೆ ಹೇಳಲಿ, ಗಟ್ಟಿಯಾಗಿಯೇ ನಕ್ಕೆ.

"ನಿನ್ನ ಗಂಡಗ ತಲಿ ಕೆಟ್ಟದ ಏನು? ಯಾವ ಹಡಗಾದರೇನು, ನೀರಿನ ಮ್ಯಾಲ ಬಂದರ ಸಾಕಲ್ಲ?"

ಅವಳು ನಗಲಿಲ್ಲ. ಬಂಡಿಯವರ ಪದ್ಧತಿ ಹೇಳಿದಳು. ಯಾರನ್ನಾದರೂ ದೂರದ ಊರಿಗೆ ಒಯ್ದ ಬಂಡಿಯೇ ಅವರನ್ನು ಮರಳಿ ತರಬೇಕು. ಹೊರಡುವಾಗ ಮನೆಯ ಹೆಂಗಸು ತನ್ನ ಸೀರೆಯಂಚಿನ ಚೂರೊಂದು ಹರಿದು ಕೊಡುತ್ತಾಳೆ, ಹೋಗುವವನು ಅದನ್ನು ಬಂಡಿಯ ಗೂಟಕ್ಕೆ ಗಂಟು ಹಾಕುತ್ತಾನೆ. ಮರಳಿ ಬಂದು ಇಳಿಯುವಾಗ ತನ್ನ ಕೈಯಾರೆ ಬಿಚ್ಚುತ್ತಾನೆ. ಗಂಟು ಬಿಚ್ಚುವವರೆಗೆ ಮನುಷ್ಯ ಮನೆಗೆ ಬಂದ ಲೆಕ್ಕವಿಲ್ಲ. ಎರ್ರೆಪ್ಪ ಅವಳ ಹಸಿರು ಸೀರೆಯ ಕೆಂಪಂಚಿನ ಚೂರನ್ನು ಆ ಹಡಗಿನ ತಳದಂತಸ್ತಿನಲ್ಲಿ, ಏಣಿಯ ಕೆಳಗಿನ ಕಬ್ಬಿಣದ ಬಳೆಗೆ ಕಟ್ಟಿದ್ದ. ನೆಟಾಲ್ ಮುಟ್ಟಿದ ಮೇಲೆ ಬರೆಸಿದ ಮೊದಲ ಕಾಗದದಲ್ಲೇ ಅದನ್ನು ತಿಳಿಸಿದ್ದನಂತೆ.

"ಅದು ಬಂಡಿ. ಇದು ಹಡಗು," ಎಂದೆ.

"ಒಯ್ಯಾದು ಒಯ್ಯಾದ ರೀ. ಹಡಗ ಎಲ್ಲೈತಿ, ಅಷ್ಟ ಹುಡುಕ್ರಿ."

ಹೋಗುವಾಗ ಎರಡು ಹಿಡಿ ಬಿಡಿಸಿದ ಹತ್ತಿ ಮೇಜಿನ ಮೇಲಿಟ್ಟಳು. ಹತ್ತಿಗೆ ಮೈಲಿಗೆಯಿಲ್ಲ. ನನ್ನ ಹೆಂಡತಿ ವೆಂಕೂಬಾಯಿ ಅದರಲ್ಲಿ ದೇವರ ಮುಂದಿನ ಹೂಬತ್ತಿ ಹೊಸೆದಳು. ಅಂದಿನಿಂದ ಪ್ರತಿ ಸೋಮವಾರ ಬಂಡಿ ಬಂತು, ಎರಡು ಹಿಡಿ ಹತ್ತಿ ಬಂತು, "ಹಡಗ ಎಲ್ಲೈತಿ?" ಎಂಬ ಪ್ರಶ್ನೆ ಬಂತು. ದೊರೆಗಳ ಕ್ಲಬ್ಬಿನ ಬಟ್ಲರನಿಂದ ವಾರದ ಹಳೆಯ ಮದ್ರಾಸು ಪತ್ರಿಕೆ ತರಿಸಿ, ಹಡಗುಗಳ ಪಟ್ಟಿ ಓದುತ್ತಿದ್ದೆ. ಯಾವ ಹಡಗು ಬಂತು, ಯಾವುದು ಹೋಯಿತು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಲೇಡಿ ಹಾರ್ಟನ್ ಮಾತ್ರ ಎಲ್ಲಿಯೂ ಇರಲಿಲ್ಲ.

"ಇಲ್ಲ," ಎನ್ನುತ್ತಿದ್ದೆ.

"ಸರಿಯಾಗಿ ನೋಡಿಲ್ಲ ನೀವು," ಎನ್ನುತ್ತಿದ್ದಳು. ಅರ್ಜಿಗಾಗಿ ಬಂದವರು ಸುತ್ತ ನಿಂತಿರುತ್ತಿದ್ದರು. ಒಂದು ಸಲ ಅವರ ಕಡೆಗೆ ತಿರುಗಿ, "ಈ ಸ್ವಾಮ್ಯಾರಿಗೆ ಓದಾಕ ಬರತೈತೋ ಇಲ್ಲೋ, ಯಾರಿಗೆ ಗೊತ್ತು," ಎಂದುಬಿಟ್ಟಳು. ನೆರೆದವರು ಹಲ್ಲು ಕಿರಿದರು. ಇಂಗ್ಲಿಷು ಚೆನ್ನಾಗಿ ಬರುತ್ತಿತ್ತೆಂದೇ ಕೆಲಸ ಕಳೆದುಕೊಂಡವನು ನಾನು. ಆ ಮಾತು ನನ್ನ ಎದೆಗೆ ನಾಟಿತು.

ಮದ್ರಾಸಿನ ಹಡಗು ಏಜೆಂಟರಿಗೆ ಬರೆದೆ. ಆಗಸ್ಟಿನ ಕೊನೆಗೆ ಉತ್ತರ ಬಂತು. ಲೇಡಿ ಹಾರ್ಟನ್ ತೊಂಬತ್ತರಲ್ಲಿ ಮುಂಬಯಿಯ ಒಬ್ಬ ಸೇಠನಿಗೆ ಮಾರಾಟವಾಗಿತ್ತು. ಅವನು ಚಿಮಣಿಗಳಿಗೆ ಕಪ್ಪು ಬಳಿಸಿ, ಹೆಸರನ್ನು ಸ್ಟಾರ್ ಆಫ್ ಪಿನಾಂಗ್ ಎಂದು ಬದಲಿಸಿ, ನಾಲ್ಕು ವರ್ಷ ಹಾಜಿಗಳನ್ನು ಜಿದ್ದಾಕ್ಕೆ ಸಾಗಿಸಿದ್ದ. ಈಗ ಮತ್ತೆ ಕೂಲಿ ಸಾಗಣೆಗೆ ಬಾಡಿಗೆ ಹಿಡಿದಿದ್ದರು. ನವೆಂಬರಿನಲ್ಲಿ ಅದು ನೆಟಾಲಿನಿಂದ ವಾಪಸಾಗುವವರನ್ನು ಹತ್ತಿಸಿಕೊಂಡು ಮದ್ರಾಸಿಗೆ ಹೊರಡುತ್ತದೆ ಎಂದು ಬರೆದಿದ್ದರು.

ಅಂದರೆ ಅದೇ ಹಡಗು. ಅದೇ ಏಣಿ, ಅದೇ ಬಳೆ. ಎರ್ರೆಪ್ಪನಿಗೆ ನಾನು ಬರೆಯಬೇಕಾಗಿದ್ದದ್ದು ಒಂದೇ ಸಾಲು: ಹೆಸರು ಬೇರೆ, ಬಣ್ಣ ಬೇರೆ, ಹಡಗು ಅದೇ, ಹತ್ತು.

ಆ ಸಾಲು ಬರೆಯಲಿಲ್ಲ. ಯಾಕೆ ಬರೆಯಲಿಲ್ಲ ಎಂದು ನನ್ನನ್ನು ನಾನೇ ಸಾವಿರ ಸಲ ಕೇಳಿಕೊಂಡಿದ್ದೇನೆ. ಸೊಕ್ಕು, ಅಷ್ಟೆ. ಬರೆದರೆ ಅವಳ ಮಾತು ಗೆಲ್ಲುತ್ತಿತ್ತು, ಅವರ ಮೂಢ ಪದ್ಧತಿ ಗೆಲ್ಲುತ್ತಿತ್ತು. ಜೊತೆಗೆ ನನಗೆ ನನ್ನದೇ ಒಂದು ತರ್ಕವಿತ್ತು. ಹಡಗೇ ಇಲ್ಲ ಎಂದರೆ ಕಾಯುವುದೂ ಇಲ್ಲ. ಯಾವುದು ಸಿಕ್ಕರೆ ಅದನ್ನು ಹತ್ತಿ ಬರುತ್ತಾನೆ. ಒಬ್ಬ ಬಂಡಿಯವನ ತಲೆಯಿಂದ ಹುಚ್ಚು ಇಳಿಸಿದ ಪುಣ್ಯವೂ ನನಗೆ ಬರುತ್ತದೆ. ಹೀಗೆ ಯೋಚಿಸಿ, ತೆಲುಗಿನಲ್ಲಿ ದುಂಡಗೆ ಬರೆದೆ: "ಲೇಡಿ ಹಾರ್ಟನ್ ಮೂರು ವರ್ಷದ ಹಿಂದೆ ಸಮುದ್ರದಲ್ಲಿ ಮುಳುಗಿತು. ಇನ್ನು ಅದಕ್ಕಾಗಿ ಕಾಯಬೇಡ. ಮುಂದೆ ಬರುವ ಹಡಗು ಹತ್ತು." ವಿರೂಪಮ್ಮನನ್ನು ಕೇಳದೆ ಟಪಾಲಿಗೆ ಹಾಕಿದೆ. ಆ ದಿನ ಊಟ ರುಚಿಯಾಗಿತ್ತು ಎಂಬುದೂ ನೆನಪಿದೆ.

ಮುಂದಿನ ಸೋಮವಾರ ಅವಳಿಗೂ ಅದನ್ನೇ ಹೇಳಿದೆ. ನನ್ನ ಮುಖವನ್ನೇ ನೋಡುತ್ತ ನಿಂತಳು. ಆ ಮುಖದಲ್ಲಿ ಅವಳಿಗೆ ಏನೂ ಗೊತ್ತಾಗಲಿಲ್ಲ. ಹದಿನೆಂಟು ವರ್ಷ ಕಚೇರಿಯಲ್ಲಿ ಇದ್ದವನು ನಾನು.

"ಯಾರಾದರೂ ಉಳಿದ್ರಾ?"

"ಅದು ಬರ್ದಿಲ್ಲ."

"ನಮ್ಮಾತಗ ಇದು ತಿಳಿಸಬ್ಯಾಡ್ರಿ."

"ತಿಳಿಸಿ ಒಂದು ವಾರ ಆತು."

ಅವಳು ನೆಲದ ಮೇಲೆ ಕೂತುಬಿಟ್ಟಳು. ಅವಳು ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಆಮೇಲೆ ಪದ್ಧತಿಯ ಉಳಿದರ್ಧ ಹೇಳಿದಳು. ಒಯ್ದ ಬಂಡಿ ಮುರಿದುಹೋದರೆ, ಹೋದವನು ಇನ್ನೊಬ್ಬರ ಬಂಡಿ ಹತ್ತುವ ಹಾಗಿಲ್ಲ. ಇದ್ದಲ್ಲೇ ಇರಬೇಕು. ಅವನ ಮನೆಯಿಂದ ಮನೆಯ ಬಂಡಿಯೇ ಕರೆಯಲು ಹೋಗಬೇಕು. ಬಂಡಿ ಹೋಗಲಾರದಷ್ಟು ದೂರವಿದ್ದರೆ ಬಂಡಿಯ ಕಡಾಣಿ ಹೋಗಬೇಕು. ಅದು ಕೈಗೆ ಬಂದಮೇಲೆ ಯಾವುದನ್ನು ಹತ್ತಿದರೂ ಮನೆಯ ಬಂಡಿ ಹತ್ತಿದ ಹಾಗೆ.

ಜೂನಿನಲ್ಲಿ ನಾನು ನಗದೆ ಕೇಳಿದ್ದರೆ ಇದನ್ನೂ ಹೇಳುತ್ತಿದ್ದಳು. ನಾನು ಕೇಳಿರಲಿಲ್ಲ.

ಎದ್ದು ಎತ್ತುಗಳ ಕೊರಳು ಬಿಚ್ಚಿದಳು. ಕಲ್ಲೊಂದನ್ನು ತಂದು ಬಲಗಾಲಿಯ ಅಚ್ಚಿನ ತುದಿಯ ಕಡಾಣಿಯನ್ನು ಬಡಿದು ಕಿತ್ತಳು. ಗಾಲಿ ಕಳಚದಂತೆ ಹಿಡಿಯುವ ಗೇಣುದ್ದದ ಕಬ್ಬಿಣದ ಮೊಳೆ ಅದು, ಎಣ್ಣೆ ಮಸಿಯಿಂದ ಕಪ್ಪಾಗಿತ್ತು. ಅದನ್ನು ನನ್ನ ಕಾಗದಗಳ ಮೇಲೆ ಇಟ್ಟಳು. ಅಮಲ್ದಾರರಿಗೆ ಬರೆದ ಒಂದು ಅರ್ಜಿ ಹಾಳಾಯಿತು.

"ಇದನ್ನ ಕಳಸ್ರಿ."

"ಕಳಸ್ತೀನಿ. ಬಂಡಿ ತೆಗಿ."

"ಕಡಾಣಿ ಇಲ್ಲದ ಬಂಡಿ ಹೆಂಗ ತೆಗೀಲಿ?"

"ಕಮ್ಮಾರನ ಹತ್ತರ ಇನ್ನೊಂದು ಮಾಡಿಸು."

ಅದಕ್ಕೂ ಪದ್ಧತಿ ಇತ್ತು. ಕಡಾಣಿ ಮರಳಿ ಬರುವವರೆಗೆ ಬಂಡಿಗೆ ಬೇರೆ ಕಡಾಣಿ ಹಾಕುವಂತಿಲ್ಲ, ಅಲ್ಲಿಂದ ಕದಲಿಸುವಂತಿಲ್ಲ. ಗಂಡ ಕಳಿಸಿದ ದುಡ್ಡಿನಲ್ಲಿ ಕೊಂಡಿದ್ದ ಎತ್ತುಗಳನ್ನು ಸಂಗನಕಲ್ಲಿನಲ್ಲಿದ್ದ ಅಣ್ಣನ ಮನೆಗೆ ಬಿಟ್ಟುಬಂದಳು. ತಾನು ಹತ್ತಿ ಪ್ರೆಸ್ಸಿನಲ್ಲಿ ಅಂಡಿಗೆ ಹೊರುವ ಕೆಲಸ ಹಿಡಿದಳು. ಬಂಡಿ ಮಾತ್ರ ಹುಣಸೆಮರದ ಕೆಳಗೆ, ನನ್ನ ಮೇಜಿಗೆ ಅಡ್ಡವಾಗಿ, ಹತ್ತು ತಿಂಗಳು ನಿಂತಿತು.

ಆ ಹತ್ತು ತಿಂಗಳು ನಮ್ಮಿಬ್ಬರ ನಡುವೆ ಯುದ್ಧವೇ ನಡೆಯಿತು. ಅರ್ಜಿ ಬರೆಸಲು ಬಂದವರು ನೊಗ ದಾಟಿ ನನ್ನ ಬಳಿ ಬರಬೇಕಿತ್ತು. ಮುದುಕರು ಅತ್ತಲೇ ತಿರುಗಿ ಇನ್ನೊಂದು ಮರದ ಕೆಳಗಿನ ಬರಹಗಾರನ ಬಳಿಗೆ ಹೋದರು. ಕಚೇರಿಯ ಜವಾನರಿಗೆ ಹೇಳಿ ಬಂಡಿ ಎಳೆಸಲು ನೋಡಿದೆ. ಕಡಾಣಿ ತೆಗೆದ ಬಂಡಿ ಎಂದು ತಿಳಿದ ಕೂಡಲೇ ಅವರು ಕೈಕಟ್ಟಿ ದೂರ ಸರಿದರು, ಅವರೂ ಇದೇ ಸೀಮೆಯವರು. ಒಂದು ದಿನ ಬಂಡಿಯ ಮೇಲೆ ನನ್ನ ಪಂಚೆ ಒಣಹಾಕಿದೆ. ಸಂಜೆ ಅದು ಧೂಳಿನಲ್ಲಿ ಬಿದ್ದಿತ್ತು. ಕೆಲಸ ಮುಗಿಸಿ ಬಂದು ಅವಳು ಬಂಡಿಯ ನೆರಳಿನಲ್ಲಿ ರೊಟ್ಟಿ ತಿನ್ನುತ್ತ ನನ್ನನ್ನೇ ನೋಡುತ್ತಿದ್ದಳು. ಸೋಮವಾರದ ಹತ್ತಿ ಮಾತ್ರ ತಪ್ಪಲಿಲ್ಲ.

ಕಡಾಣಿಯನ್ನು ಗೋಣಿಯಲ್ಲಿ ಹೊಲಿದು ಮದ್ರಾಸಿಗೆ ಕಳಿಸಿದೆ. ಅದು ಕಾಗದವಲ್ಲ, ಕಬ್ಬಿಣ. ಅಲ್ಲಿ ಹೊಸ ಕೂಲಿಗಳ ಹಡಗಿಗೆ ಕಾದು, ಡಿಸೆಂಬರಿನಲ್ಲಿ ಹೊರಟಿತೆಂದು ತಿಳಿಯಿತು. ಈ ನಡುವೆ ನವೆಂಬರ್ ಬಂದುಹೋಯಿತು. ಸ್ಟಾರ್ ಆಫ್ ಪಿನಾಂಗ್ ನೆಟಾಲಿನಿಂದ ಹೊರಟದ್ದನ್ನು ಪತ್ರಿಕೆಯಲ್ಲಿ ನಾನೊಬ್ಬನೇ ಓದಿದೆ. ಎರ್ರೆಪ್ಪ ಅದರಲ್ಲಿ ಇರಲಿ ಎಂದು ಆ ದಿನ ದೇವರ ಮುಂದೆ ಹೆಚ್ಚು ಹೊತ್ತು ಕೂತೆ. ವೆಂಕೂಬಾಯಿ ಕೇಳಿದಳು, "ಏನಾಗ್ಯದ ನಿಮಗ? ನೈವೇದ್ಯ ಆರಿಹೋಗ್ಲಿಕ್ಕತ್ತದ." ಏನೂ ಇಲ್ಲ ಎಂದು ಗದರಿದೆ.

ಜನವರಿಯಲ್ಲಿ ಮೋಕದ ಹೊನ್ನೂರಪ್ಪ ಬಂದ. ಅವನೂ ನೆಟಾಲಿನಲ್ಲಿ ದುಡಿದವನು, ಎರ್ರೆಪ್ಪನ ತೋಟದಲ್ಲೇ ಇದ್ದವನು. ನವೆಂಬರಿನ ಹಡಗಿನಲ್ಲಿ ಮರಳಿದ್ದ. ಬ್ರೂಸ್‌ಪೇಟೆಯಲ್ಲಿ ವಿಚಾರಿಸಿಕೊಂಡು ಮಧ್ಯಾಹ್ನ ನೇರವಾಗಿ ಮರದ ಕೆಳಗೆ ಬಂದ. ವಿರೂಪಮ್ಮ ಬಂಡಿಯ ಮಗ್ಗುಲಲ್ಲಿ ಕೂತಿದ್ದಳು. ನಾನು ತಲೆ ತಗ್ಗಿಸಿ ಬರೆಯುತ್ತಿದ್ದೆ, ಆದರೆ ನನ್ನ ಲೇಖನಿ ಎಲ್ಲಿ ನಿಂತಿತೋ ಅಲ್ಲೇ ನಿಂತಿತ್ತು.

"ಯಕ್ಕಾ, ಎರ್ರೆಪ್ಪಣ್ಣ ನನ್ನ ಕೂಡ ಬಂದರಕ್ಕ ಬಂದಿದ್ದ," ಎಂದ ಹೊನ್ನೂರಪ್ಪ. "ಹಡಗ ನೋಡಿ ಭಾಳ ಹೊತ್ತು ನಿಂತ. ನಮ್ಮದರಂಗ ಐತಲ್ಲೋ, ಬರೇ ಬಣ್ಣ ಬ್ಯಾರೆ ಅಂದ. ಆಮ್ಯಾಲ ಕಿಸೆಯಾಗಿನ ಕಾಗದ ತೆಗದು ಒಬ್ಬನ ಕಡಿಂದ ಮತ್ತೊಮ್ಮೆ ಓದಿಸಿದ. ಮುಳುಗೈತಿ ಅಂತ ಬರದಿತ್ತು. ಹಂಗಾರ ಇದಲ್ಲ ಬಿಡು ಅಂದು ತೋಟಕ್ಕ ಹೋದ. ನಾ ಹತ್ತಿದೆ. ತಳದಾಗ ಏಣಿ ಕೆಳಗ ಮಲಗಾಕ ಜಾಗ ಕೊಟ್ರು. ತಲಿ ಮ್ಯಾಲಿನ ಬಳಿಗೆ ನಮ್ಮ ಕಡೇ ಸೀರಿ ಚೂರು ಇತ್ತು. ಹಸರು, ಕೆಂಪಂಚು."

ವಿರೂಪಮ್ಮ ಎದ್ದು ಬಂದು ಮೇಜಿನ ಎದುರು ನಿಂತಳು. ಕೂಗುತ್ತಾಳೆ ಎಂದುಕೊಂಡೆ, ಜನ ಸೇರಿಸುತ್ತಾಳೆ ಎಂದುಕೊಂಡೆ. ತಗ್ಗಿದ ದನಿಯಲ್ಲಿ, ಅದುವರೆಗಿನ 'ನೀವು' ಬಿಟ್ಟು ಕೇಳಿದಳು.

"ಮುಳುಗೈತಿ ಅಂದಿ."

"ಅವನು ಬೇಗ ಬರ್ಲಿ ಅಂತ ಬರದೆ."

"ನಿನಗ ಗೊತ್ತಿತ್ತು."

"ಗೊತ್ತಿತ್ತು. ನಿಮ್ಮ ಪದ್ಧತಿಯೊಳಗ ಇಷ್ಟು ಸುತ್ತು ಅದಾವಂತ ನನಗೇನು ಗೊತ್ತು? ಇನ್ನೂ ಹೊತ್ತು ಮೀರಿಲ್ಲ. ಕಡಾಣಿ ಮುಟ್ಟತದ, ಬರ್ತಾನ."

ಮೇಜಿನ ಮೂಲೆಯಲ್ಲಿ ಆ ಸೋಮವಾರದ ಹತ್ತಿ ಇತ್ತು. ಅದನ್ನು ಎತ್ತಿಕೊಂಡು ಮಡಿಲಿಗೆ ಹಾಕಿಕೊಂಡಳು. ಮತ್ತೆ ನನಗೆ ಹತ್ತಿ ಕೊಡಲಿಲ್ಲ. ಊರಿಗೂ ಹೋಗಲಿಲ್ಲ. ಹೋಗುವುದು ಹೇಗೆ, ಬಂಡಿ ಅಲ್ಲೇ ಇತ್ತು.

ನಾನು ಹೇಳಿದ ಹಾಗೆಯೇ ಕಡಾಣಿ ಮುಟ್ಟಿತು. ಹೊರಡುತ್ತೇನೆಂದು ಕಾಗದ ಬರೆಸಿ, ಕಡಾಣಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಎರ್ರೆಪ್ಪ ಏಪ್ರಿಲಿನ ಹಡಗು ಹತ್ತಿದ. ಅದು ಬೇರೆ ಹಡಗು, ಅವನ ವರ್ಷದೊಳಗಿನ ಕೊನೆಯದು. ಅದರ ಹೆಸರನ್ನು ಪತ್ರಿಕೆಯಲ್ಲಿ ನೋಡಿದಾಗ ನಾನು ಅವಳಿಗೆ ಕೂಗಿ ಹೇಳಿದೆ, "ಹೊರಟಾನ." ಅವಳು ತಲೆಯೆತ್ತಲಿಲ್ಲ. ಆದರೆ ಮರುದಿನ ಸಂಗನಕಲ್ಲಿನಿಂದ ಎತ್ತುಗಳನ್ನು ತರಿಸಿ, ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ಬಂಡಿಯ ಪಕ್ಕ ಕಟ್ಟಿದಳು. ಗಾಲಿಗೆ ಎಣ್ಣೆ ಹಾಕಿದಳು. ಜೂನ್ ಪೂರ್ತಿ ಮದ್ರಾಸಿನ ರೈಲು ಬರುವ ಹೊತ್ತಿಗೆ ಸ್ಟೇಷನ್ನಿಗೆ ನಡೆದು ಹೋಗಿ ನಿಂತು ಬಂದಳು.

ಜುಲೈ ಎರಡನೆಯ ವಾರ ಕಚೇರಿಯ ಜವಾನ ಒಂದು ಗಂಟು ಮತ್ತು ಇಂಗ್ಲಿಷಿನ ಕಾಗದ ತಂದು ನನ್ನ ಮೇಜಿನ ಮೇಲಿಟ್ಟ. ಒಳಗಿನವರಿಗೆ ಹೊರಗೆ ಬಂದು ಹೇಳುವ ಧೈರ್ಯವಿರಲಿಲ್ಲ. ಅವಳು ಬಂದು ನಿಂತಳು.

"ಓದು. ಪೂರಾ ಓದು."

ಓದಿದೆ. ಎರ್ರೆಪ್ಪ, ಸಿರುಗುಪ್ಪ, ವಯಸ್ಸು ನಲವತ್ತು. ಮೇ ಹನ್ನೊಂದರಂದು ಹಡಗಿನಲ್ಲಿ ಭೇದಿಯಿಂದ ಮೃತ. ದೇಹವನ್ನು ಸಮುದ್ರಕ್ಕೆ ಒಪ್ಪಿಸಲಾಯಿತು. ಸಾಮಾನು: ಹಿತ್ತಾಳೆ ತಂಬಿಗೆ ಒಂದು, ಕಂಬಳಿ ಒಂದು, ಕಬ್ಬಿಣದ ಮೊಳೆ ಒಂದು, ತೆಲುಗು ಕಾಗದ ಒಂದು. ನವೆಂಬರಿನ ಹಡಗಿನಲ್ಲಿ ಒಬ್ಬನೂ ಸತ್ತಿರಲಿಲ್ಲ. ಅದನ್ನು ಹೊನ್ನೂರಪ್ಪ ಹೇಳಿದ್ದ, ನಾವಿಬ್ಬರೂ ಕೇಳಿದ್ದೆವು.

"ಆ ಕಾಗದ ಓದು."

"ವಿರೂಪಮ್ಮ, ಅದು ಬ್ಯಾಡ."

"ಓದು."

ಮಡಿಕೆಗಳಲ್ಲಿ ಸವೆದು ಹರಿದಿದ್ದ ನನ್ನದೇ ಕಾಗದ. ನನ್ನದೇ ದುಂಡಗಿನ ಅಕ್ಷರ. ಸುತ್ತ ಹದಿನೈದು ಜನ ನಿಂತಿದ್ದರು. ಲೇಡಿ ಹಾರ್ಟನ್ ಮುಳುಗಿತು ಎಂದು ಗಟ್ಟಿಯಾಗಿ ಓದಿದೆ. ನಾಚಿಕೆಯಿಂದ ಸಾಯುವುದೆಂದರೆ ಏನೆಂದು ನನಗೆ ಆ ದಿನ ಗೊತ್ತಾಯಿತು. ಆದರೆ ಸತ್ತಿದ್ದವನು ಎರ್ರೆಪ್ಪ.

ಅವಳು ಅಲ್ಲಿ ಅಳಲಿಲ್ಲ. ಕಡಾಣಿಯನ್ನು ಸೆರಗಿನಲ್ಲಿ ಒರೆಸಿ ಅಚ್ಚಿಗೆ ತೂರಿ ಕಲ್ಲಿನಿಂದ ಬಡಿದಳು. ಎತ್ತು ಹೂಡಿದಳು. ಮೂಕಿಯ ಮೇಲೆ ಕೂತು, ಹಗ್ಗ ಕೈಗೆ ತೆಗೆದುಕೊಂಡು ನನ್ನ ಕಡೆ ನೋಡಿದಳು.

"ಅವನ ಗಂಟು ಇನ್ನೂ ಆ ಹಡಗಿನಾಗ ಐತಿ. ಅದು ಬಿಚ್ಚಾತನಕ ಅವನು ಮನಿಗೆ ಬಂದಂಗಲ್ಲ. ಬಿಚ್ಚಾವ ಇಲ್ಲ. ಇಲ್ಲದಂಗ ಮಾಡಿದಾವ ನೀನು. ನೀನ ಬಿಚ್ಚಿಕೊಂಡು ಬರಬೇಕು."

ಬಂಡಿ ಹೋಯಿತು. ನನ್ನ ಮೇಜಿನ ಮುಂದೆ ಮತ್ತೆ ಜಾಗವಾಯಿತು. ಅರ್ಜಿ ಬರೆಸುವವರು ಮಾತ್ರ ಬಹಳ ದಿನ ಬರಲಿಲ್ಲ.

ಅಂದಿನಿಂದ ನಾಲ್ಕು ವರ್ಷ ಆ ಹಡಗಿನ ಬೆನ್ನು ಬಿಡಲಿಲ್ಲ. ಯಾರೂ ಕೇಳದಿದ್ದರೂ ಸೋಮವಾರ ತಪ್ಪದೆ ಪಟ್ಟಿ ಓದಿದೆ. ಎರಡು ಸಲ ನೆಟಾಲಿಗೆ ಹೋಯಿತು. ಒಂದು ಸಲ ರಂಗೂನಿಗೆ ಸಿಪಾಯಿಗಳನ್ನು ಒಯ್ದಿತು. ತೊಂಬತ್ತೇಳರಲ್ಲಿ ಬಾಯ್ಲರು ಒಡೆದು ಕೊಲಂಬೋದಲ್ಲಿ ಐದು ತಿಂಗಳು ಬಿದ್ದಿತ್ತು. ಆಮೇಲೆ ಅಕ್ಕಿ ಮೂಟೆ, ಕಲ್ಲಿದ್ದಲು, ಕುದುರೆಗಳನ್ನು ಸಾಗಿಸಿತು. ಪಿಯಾನೊ ಹೊತ್ತಿದ್ದ ಹಡಗು ಕುದುರೆ ಲದ್ದಿ ಹೊತ್ತದ್ದನ್ನು ಓದಿ ನನಗೆ ಸಂತೋಷವಾಯಿತು. ಮುಳುಗಬಾರದು ಎಂಬುದೊಂದೇ ನನ್ನ ಹಂಬಲ. ಎಲ್ಲಿಯಾದರೂ ಬಿರುಗಾಳಿ ಎಂದು ಅಚ್ಚಾದರೆ ಆ ವಾರ ನನಗೆ ಅನ್ನ ಸೇರುತ್ತಿರಲಿಲ್ಲ. ನನ್ನ ಸುಳ್ಳನ್ನು ಸಮುದ್ರ ನಿಜ ಮಾಡಿಬಿಟ್ಟರೆ ನಾನು ಎಲ್ಲಿಗೆ ಹೋಗಲಿ?

ತೊಂಬತ್ತೊಂಬತ್ತರ ಫೆಬ್ರವರಿಯಲ್ಲಿ ಎರಡು ಸಾಲಿನ ಸುದ್ದಿ ಬಂತು. ಸ್ಟಾರ್ ಆಫ್ ಪಿನಾಂಗ್, ಹಿಂದಿನ ಹೆಸರು ಲೇಡಿ ಹಾರ್ಟನ್, ಮುಂಬಯಿಯ ಹಳೆ ಕಬ್ಬಿಣದ ವ್ಯಾಪಾರಿಗೆ ಮಾರಾಟ. ಮೂರನೆಯ ದಿನ ರೈಲು ಹತ್ತಿದೆ. ಯಾಕೆ ಎಂದು ಕೇಳಿದ ವೆಂಕೂಬಾಯಿಗೆ ಐದು ವರ್ಷದ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ಅವಲಕ್ಕಿ ಕಟ್ಟಿಕೊಟ್ಟಳು. "ಆ ಹತ್ತಿಯಿಂದ ದೇವರಿಗೆ ದೀಪ ಹಚ್ಚಿಸಿದ್ರಲ್ಲ ನನ್ನ ಕೈಲೆ," ಎಂದಷ್ಟೇ ಅಂದಳು. ಮಂಗಳಾರತಿ ಮಾಡಿದ ಹಾಗಾಯಿತು.

ಹಡಗನ್ನು ಭರತದ ನೀರಿನಲ್ಲಿ ಕೆಸರಿಗೆ ತಂದು ಕೆಡವಿದ್ದರು. ಚಿಮಣಿ ಇರಲಿಲ್ಲ, ಕೂವೆಮರ ಇರಲಿಲ್ಲ, ಮಗ್ಗುಲಿನ ತಗಡುಗಳನ್ನು ಬಿಚ್ಚಿ ದಂಡೆಗೆ ಎಳೆದು ಒಟ್ಟಿದ್ದರು. ಇಷ್ಟು ವರ್ಷ ದ್ವೇಷಿಸಿದ ಹಡಗಿನಲ್ಲಿ ನೋಡಲು ಉಳಿದದ್ದು ಅಷ್ಟೆ. ತಳದಂತಸ್ತಿನ ತಗಡು ಯಾವುದು ಎಂದು ಅಲ್ಲಿಯ ಮೇಸ್ತ್ರಿಯನ್ನು ಹಿಂದೂಸ್ತಾನಿಯಲ್ಲಿ ಕೇಳಿದೆ. ಅವನು ತೋರಿಸಿದ. ಏಣಿಯನ್ನು ಆಗಲೇ ಕಿತ್ತಿದ್ದರು, ಅದು ಎಲ್ಲಿತ್ತೆಂದು ಅವನಿಗೂ ಗೊತ್ತಿರಲಿಲ್ಲ. ಸಾಲಾಗಿ ಕಬ್ಬಿಣದ ಬಳೆಗಳಿದ್ದವು. ಹಸಿರಿನ ಮೇಲೆ ಕೆಂಪಂಚಿನ ಒಂದು ಚೂರು ಹುಡುಕಲು ಬಗ್ಗಿದೆ.

ಒಂದು ಚೂರಲ್ಲ. ಬಳೆಬಳೆಗೂ ಇದ್ದವು. ಒಂದೊಂದಕ್ಕೆ ಎರಡು, ಮೂರು, ಆರು. ಹೊನ್ನೂರಪ್ಪ ನೋಡಿಹೋದ ಮೇಲೆ ವರ್ಷ ವರ್ಷ ಬಳಿದ ಬಣ್ಣದಲ್ಲಿ ಮುಳುಗಿ ಎಲ್ಲವೂ ಒಂದೇ ಬೂದು ಬಣ್ಣಕ್ಕೆ ತಿರುಗಿದ್ದವು. ಯಾವುದು ಹಸಿರು, ಯಾವುದು ಕೆಂಪು, ದೇವರಿಗೇ ಗೊತ್ತು. ಎರ್ರೆಪ್ಪನೊಬ್ಬನ ಹುಚ್ಚು ಎಂದು ನಾನು ನಕ್ಕಿದ್ದೆ. ನಮ್ಮ ಸೀಮೆಯ ಬಂಡಿ ಓಣಿಗಳಿಂದ ಹೋದವರೆಲ್ಲ ಕಟ್ಟಿದ್ದರು. ಮರಳಿ ಬಂದವರು ತಮ್ಮ ತಮ್ಮದನ್ನು ಬಿಚ್ಚಿಕೊಂಡು ಹೋಗಿರುತ್ತಾರೆ. ಅಲ್ಲಿ ಉಳಿದಿದ್ದವು ಬಾರದವರವು. ಎಣಿಸಿದೆ, ನಲವತ್ತಮೂರು.

ಕೆಸರಿನಲ್ಲಿ ಕೂತು ಅತ್ತೆ. ಮೇಸ್ತ್ರಿ ಚಾಕು ಕೊಡಲು ಬಂದ. ಬೇಡವೆಂದೆ. ಕತ್ತರಿಸಬಾರದು, ಬಿಚ್ಚಬೇಕು. ಎರಡು ದಿನ ಹಿಡಿಯಿತು. ಉಗುರು ಮುರಿದವು. ಒಂದೆರಡು ಗಂಟುಗಳನ್ನು ಹಲ್ಲಿನಿಂದ ಸಡಿಲಿಸಿದೆ. ಯಾರ ಸೀರೆಯ ಚೂರೋ ಏನೋ, ಮಡಿವಂತ ಮಧುಸೂದನರಾಯನ ಬಾಯಲ್ಲಿತ್ತು.

ಬಳ್ಳಾರಿಯಲ್ಲಿ ಇಳಿದವನು ಮನೆಗೆ ಹೋಗದೆ ಹತ್ತಿ ಬಂಡಿಯೊಂದನ್ನು ಹಿಡಿದು ಸಿರುಗುಪ್ಪಕ್ಕೆ ಹೋದೆ. ಬೆಳಿಗ್ಗೆ ಅವಳು ಅಂಗಳದಲ್ಲಿ ಎತ್ತಿಗೆ ಹಿಂಡಿ ಕಲಸುತ್ತಿದ್ದಳು. ತಲೆ ನರೆತಿತ್ತು. ನಾನು ಗೋಣಿಚೀಲವನ್ನು ಬಿಚ್ಚಿ ಚೂರುಗಳನ್ನು ಅವಳ ಮುಂದೆ ಸುರಿದೆ.

"ಒಂದ ತಾ ಅಂದಿದ್ದೆ," ಎಂದಳು.

"ಯಾವುದು ನಿನ್ನದು ಅಂತ ತಿಳೀಲಿಲ್ಲ. ಎಲ್ಲಾ ಬಿಚ್ಚಿ ತಂದೀನಿ."

ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದಳು, ಬೆರಳಿನಿಂದ ಉಜ್ಜಿದಳು, ಮೂಸಿದಳು. ಬಿಸಿಲು ನೆತ್ತಿಗೆ ಬರುವವರೆಗೆ ನೋಡಿದಳು. ನಾನು ನಿಂತೇ ಇದ್ದೆ, ಕೂರು ಎನ್ನಲಿಲ್ಲ. ಅವಳದು ಅವಳಿಗೂ ಸಿಗಲಿಲ್ಲ. ಆಗ ಅತ್ತಳು. ನಾಲ್ಕು ವರ್ಷ ಹಿಡಿದಿಟ್ಟದ್ದೆಲ್ಲ ಬಂತು. ನಾನು, "ನನ್ನದ ತಪ್ಪು, ವಿರೂಪಮ್ಮ," ಎಂದೆ. ಅದಕ್ಕೆ ಅವಳು ಉತ್ತರ ಕೊಡಲಿಲ್ಲ, ಇವತ್ತಿನವರೆಗೂ ಕೊಟ್ಟಿಲ್ಲ.

ಕಣ್ಣೊರೆಸಿಕೊಂಡು ಒಂದು ಚೂರನ್ನು ತನ್ನ ಬಂಡಿಯ ಗೂಟಕ್ಕೆ ಸುತ್ತಿದಳು, ಗಂಟು ಹಾಕಲಿಲ್ಲ. ಉಳಿದವನ್ನು ಚೀಲಕ್ಕೆ ತುಂಬಿ ಬಂಡಿಯೊಳಗೆ ಎಸೆದಳು. ಎತ್ತು ಹೂಡಿದಳು.

"ಹತ್ತು."

"ಎಲ್ಲಿಗೆ?"

"ತಂದಾವ ನೀನ, ಅವರವರ ಮನಿಗೆ ಮುಟ್ಟಿಸಾವನೂ ನೀನ. ಸುಂಕಣ್ಣ ಯಾರ್ಯಾರ ಮನಿಯಿಂದ ಒಯ್ದಾನ ಅಂತ ನನಗ ಗೊತ್ತೈತಿ. ಏನ ಆತು ಅಂತ ಮನಿ ಮನಿಗೆ ನೀನ ಹೇಳು. ಈ ಸಲ ಖರೇ ಹೇಳು."

ಹತ್ತಿದೆ. ಅವಳ ಬೆನ್ನ ಹಿಂದೆ, ಉದುರಿದ ಹತ್ತಿಯ ಮೇಲೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ದಾರಿಯುದ್ದಕ್ಕೂ ಅವಳು ಎತ್ತುಗಳ ಜೊತೆ ಮಾತ್ರ ಮಾತಾಡಿದಳು.

ಮೊದಲ ಮನೆ ಕುರುಗೋಡಿನಲ್ಲಿ, ಗಿಡ್ಡಮ್ಮ ಎಂಬ ಮುದುಕಿಯದು. ಅವಳ ಮಗ ಎಂಬತ್ತಾರರಲ್ಲಿ ಹೋದವನು. ಬಂಡಿಯ ಸದ್ದಿಗೆ ಅವಳು ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಮಂಜುಗಣ್ಣಿನಿಂದ ಗೂಟಕ್ಕೆ ಸುತ್ತಿದ ಚೂರನ್ನು ನೋಡಿದಳು, ಚೀಲ ಹಿಡಿದು ಇಳಿಯುತ್ತಿದ್ದ ನನ್ನನ್ನು ನೋಡಿದಳು.

"ಹಡಗ ಬಂತೇನಪ್ಪಾ?" ಎಂದು ಕೇಳಿದಳು.